ಗಾವಿಯೋತಾ ಕಟ್ಟಡದ ಕಡುಬು

ನಮ್ಮ ಬಂದರು ಊರು ತಾಂಪೀಕೊದ ಪೇಟೆ ಚೌಕದಿಂದ ನದಿಯ ಕಡೆಗೆ ಇಳಿಯುವ ಬೀದಿಯ ಮೂಲೆಯಲ್ಲಿರುವ ಮೂರು ಮಹಡಿಯ ಕಟ್ಟಡಕ್ಕೆ ಈಗ ಏನೋ ಹೊಸ ಹೆಸರಿದೆ. ನಾವು ಯಾರೂ ಆ ಹೆಸರು ಹಿಡಿದು ಕರೆಯುವುದಿಲ್ಲ. ನಮಗೆ ಅದು ಗಾವಿಯೋತಾ. ಎಣ್ಣೆಬಾವಿಗಳ ಕಾಲದಲ್ಲಿ ಸ್ಪೇನಿನ ಬಟ್ಟೆ ವ್ಯಾಪಾರಿಯೊಬ್ಬ ಕಟ್ಟಿಸಿದ್ದು. ಕಬ್ಬಿಣದ ಬಾಲ್ಕನಿಗಳನ್ನು ಹಡಗಿನಲ್ಲಿ ತರಿಸಿದ್ದನಂತೆ. ಆ ಬಾಲ್ಕನಿಗಳ ತುಕ್ಕು ಉಜ್ಜುತ್ತ ಬಂದವಳು ಒತೀಲಿಯಾ ಕಸ್ತಾನ್.

ಮದುವೆಗೆ ಮುಂಚೆಯೇ ಅಲ್ಲಿ ಪೊರಕೆ ಹಿಡಿದವಳು. ಮಾಲೀಕರು ಬದಲಾದಾಗಲೆಲ್ಲ ಬೀಗ, ಬೋರ್ಡು, ಬಣ್ಣ ಬದಲಾದವು. ಒತೀಲಿಯಾಳನ್ನು ಮಾತ್ರ ಮಹಡಿಯ ನೀರಿನ ತೊಟ್ಟಿಯ ಹಾಗೆ ಕಟ್ಟಡದ ಜೊತೆಗೇ ಮುಂದಿನವರಿಗೆ ಒಪ್ಪಿಸಿ ಹೋದರು. ಕಾಲ ಬದಲಾದದ್ದು ಅವಳಿಗೆ ಗೊತ್ತಾಗುತ್ತಿದ್ದುದು ಕಸದಿಂದ. ಬಟ್ಟೆ ಅಂಗಡಿಯಿದ್ದಾಗ ನೂಲಿನ ಚೂರು, ಗುಂಡುಸೂಜಿ. ವಿಮಾ ಕಚೇರಿ ಬಂದ ಮೇಲೆ ಸಿಗರೇಟಿನ ಬೂದಿ, ಕಾರ್ಬನ್ ಕಾಗದ. ಕಂಪ್ಯೂಟರ್ ಕಲಿಸುವ ಶಾಲೆಯಾದಾಗ ಬೆಂಚಿನಡಿ ಅಂಟಿಸಿದ ಚ್ಯೂಯಿಂಗ್ ಗಮ್. ಆಮೇಲೆ ಕೆಲವು ವರ್ಷ ಅದು ಚಪ್ಪಲಿ ಡಬ್ಬಿಗಳ ಗೋದಾಮು. ಒಡೆದ ಕಿಟಕಿಯಿಂದ ನುಗ್ಗಿದ ಪಾರಿವಾಳಗಳ ಹಿಕ್ಕೆ. ಈಗ ಹೋಟೆಲು. ಬಚ್ಚಲ ಜಾಲರಿಯಲ್ಲಿ ಸಿಕ್ಕಿಕೊಂಡ ಯಾರ್ಯಾರದೋ ಕೂದಲು, ಕಡಲತೀರದಿಂದ ಕಾಲಿಗಂಟಿ ಬಂದ ಮರಳು.

ಇಷ್ಟರಲ್ಲಿ ಬದಲಾಗದೆ ಉಳಿದದ್ದು ಕಡುಬು.

ಜನವರಿಯ ಮೂವರು ಅರಸರ ಹಬ್ಬಕ್ಕೆ ನಮ್ಮಲ್ಲಿ ಉಂಗುರದಂಥ ಸಿಹಿ ರೊಟ್ಟಿ ಕೊಯ್ಯುತ್ತಾರೆ. ಒಳಗೆ ಬಾಲಯೇಸುವಿನ ಪುಟ್ಟ ಗೊಂಬೆ. ಅದು ಯಾರ ತುಂಡಿನಲ್ಲಿ ಸಿಗುತ್ತದೋ ಅವರು ಫೆಬ್ರವರಿಯ ಮೇಣದಬತ್ತಿ ಹಬ್ಬಕ್ಕೆ ಎಲ್ಲರಿಗೂ ತಮಾಲೆ, ಅಂದರೆ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಮೆಕ್ಕೆಜೋಳದ ಕಡುಬು ತಿನ್ನಿಸಬೇಕು. ಹಾಗಾಗಿ ಗೊಂಬೆಯನ್ನು ಕೆನ್ನೆಯಲ್ಲಿ ಅಡಗಿಸುವವರು, ಜೇಬಿಗಿಳಿಸುವವರು, ನುಂಗಿಯೇ ಬಿಡುವವರು ಎಲ್ಲ ಕಚೇರಿಗಳಲ್ಲೂ ಇದ್ದಾರೆ. ಗಾವಿಯೋತಾದಲ್ಲಿ ಅಷ್ಟು ಕಷ್ಟ ಯಾರಿಗೂ ಬೇಕಿರಲಿಲ್ಲ. ಗೊಂಬೆ ಯಾರಿಗೆ ಸಿಕ್ಕರೂ ಕಡುಬು ಮಾಡುವವಳು ಒತೀಲಿಯಾ. "ನನ್ನ ಹೆಂಡತಿ ಊರಲ್ಲಿಲ್ಲ, ನಿನ್ನ ಕೈರುಚಿ ಚೆನ್ನ" ಎಂದ ಬಟ್ಟೆ ಅಂಗಡಿಯ ಯಜಮಾನ. ವಿಮೆಯ ಮ್ಯಾನೇಜರು ಗೊಂಬೆಯನ್ನು ಕಾಗದದಲ್ಲಿ ಸುತ್ತಿ ಅವಳ ಬಕೆಟ್ಟಿನ ಪಕ್ಕ ಇಟ್ಟುಹೋದ. "ಎಲ್ಲರೂ ಸೇರಿ ಮಾಡೋಣ" ಎಂದರು ಕಂಪ್ಯೂಟರ್ ಮೇಷ್ಟ್ರುಗಳು. ಅವರು ಸೇರಿದ್ದು ತಿನ್ನುವಾಗ.

ಹಿಟ್ಟಿಗೆ ಹಂದಿಕೊಬ್ಬು ಸೇರಿಸಿ ಹಗುರಾಗುವ ತನಕ ಕೈಯಲ್ಲೇ ಬಡಿದು ನಾದಬೇಕು. ಎಲೆ ಬಾಡಿಸಬೇಕು, ಮೆಣಸಿನಕಾಯಿ ಅರೆಯಬೇಕು, ಮಾಂಸ ಬೇಯಿಸಿ ಎಳೆಎಳೆಯಾಗಿ ಬಿಡಿಸಬೇಕು. ಇದೆಲ್ಲ ಮನೆಯ ಅಡುಗೆ, ಬಟ್ಟೆ ಮುಗಿದ ಮೇಲೆ. ಗಂಡ ಫೆರ್ಮಿನ್ ಅಡುಗೆಮನೆಯ ಬಾಗಿಲಿಗೆ ಒರಗಿ ಹೇಳುತ್ತಿದ್ದುದೂ ಪ್ರತಿವರ್ಷ ಒಂದೇ ಮಾತು: "ಹೆಂಗೂ ಅಷ್ಟೊಂದು ಮಾಡ್ತಿದೀಯ, ನಮ್ಮಣ್ಣನ ಮನೆಗೂ ಒಂದಿಷ್ಟು ಎತ್ತಿಡು."

ಈ ವರ್ಷ ಅವಳ ಬಲತೋಳು ಎದೆಯ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಇನ್ನೊಮ್ಮೆ ಹಾಗೆ ನಾದಿದರೆ ಭುಜದೊಳಗಿನ ಸ್ನಾಯು ಪೂರ್ತಿ ಹರಿಯುತ್ತದೆ ಎಂದಿದ್ದರು ಡಾಕ್ಟರು. ಹರಿದರೆ ಮೆಟ್ಟಿಲು ಒರೆಸುವುದು ನಿಂತಂತೆ. ಅದು ನಿಂತರೆ ಪಿಂಚಣಿಗೆ ಇನ್ನೇನು ಒಂದು ವರ್ಷವಿರುವಾಗ ಕೆಲಸವೂ ಹೋದಂತೆ.

ಅರಸರ ಹಬ್ಬದ ದಿನ ಹೋಟೆಲಿನವರೆಲ್ಲ ಕೆಳಗಿನ ಹಜಾರದಲ್ಲಿ ಸೇರಿದರು. ರೊಟ್ಟಿ ಮುಗಿಯಿತು, ಗೊಂಬೆ ಸಿಗಲಿಲ್ಲ.

"ಬೇಕರಿಯವ್ನು ಹಾಕೋದೇ ಮರ್ತಿದಾನೆ," ಎಂದರು ಮ್ಯಾನೇಜರ್ ರುಬಾಲ್ಕಾಬಾ. ಎಂಜಿನಿಯರಿಂಗ್ ಓದಿದವರಾದ್ದರಿಂದ ಅವರನ್ನು ಎಲ್ಲರೂ ಎಂಜಿನಿಯರ್ ಎಂದೇ ಕರೆಯುತ್ತಾರೆ, ಹಿರಿಯ ಹೆಂಗಸರನ್ನು ಮರ್ಯಾದೆಗೆ ದೋನ್ಯಾ ಎನ್ನುವ ಹಾಗೆ. ಮಾತು ಒಂದೇ ಕೆನ್ನೆಯಿಂದ ಹೊರಬಂತು. "ಇರ್ಲಿ, ನಮ್ ದೋನ್ಯಾ ಒತೀಲಿಯಾ ಇದಾರಲ್ಲ. ಈ ಸಲ ಕಡುಬಿನ ದಿನ ಪುರಸಭೆಯವ್ರೂ ಬರ್ತಾರೆ. ಕಟ್ಟಡದ ಚರಿತ್ರೆ ಬರ್ದಿರೋ ಫಲಕ ಹಾಕ್ತಿದೀವಿ."

"ಎಂಜಿನಿಯರ್ರೇ, ಮೊದ್ಲು ಬಾಯಲ್ಲಿರೋದನ್ನ ಉಗೀರಿ," ಎಂದಳು ಒತೀಲಿಯಾ. "ಗಂಟ್ಲಿಗೆ ಸಿಕ್ಕೊಂಡ್ರೆ ಫಲಕದಲ್ಲಿ ನಿಮ್ ಹೆಸ್ರೂ ಬರೀಬೇಕಾಗುತ್ತೆ."

ಅಡುಗೆಯವನು ಸೀಟಿ ಹೊಡೆದ. ಎಂಜಿನಿಯರು ಕೆಂಪಾಗಿ, ಕೆಮ್ಮಿ, ಗೊಂಬೆಯನ್ನು ತಟ್ಟೆಗೆ ಉಗಿದರು. ಎಲ್ಲರ ಜೊತೆ ತಾವೂ ನಕ್ಕರು.

"ಆಯ್ತು, ಸೋತೆ. ಖರ್ಚೆಲ್ಲ ನಂದು, ಕೈ ನಿಮ್ದು."

"ಕೈ ಇಲ್ಲ."

"ಅಂದ್ರೆ?"

ಅವಳು ತೋಳೆತ್ತಿ ತೋರಿಸಿದಳು. ಅದು ಎದೆಯ ಹತ್ತಿರ ನಿಂತುಬಿಟ್ಟಿತು. "ಡಾಕ್ಟ್ರು ಬೇಡ ಅಂದಿದಾರೆ. ಈ ಸಲ ನಾನು ಮಾಡಲ್ಲ."

"ಪ್ರತಿ ವರ್ಷ ಇದೇ ಹೇಳ್ತೀರ, ಆಮೇಲೆ ಪಾತ್ರೆ ತುಂಬ ತರ್ತೀರ!" ಎಂದು ಅವರು ಪ್ರೀತಿಯಿಂದಲೇ ಅವಳ ನೋಯುವ ಭುಜ ತಟ್ಟಿ ಹೋದರು. ಅವರು ಹೇಳಿದ್ದು ಸುಳ್ಳೂ ಅಲ್ಲ. ಪ್ರತಿ ವರ್ಷ ಹಾಗೆ ಹೇಳಿದ್ದಳು, ಪ್ರತಿ ವರ್ಷ ತಂದಿದ್ದಳು. ಬೈದಿದ್ದರೆ ಎದುರಾಡಬಹುದಿತ್ತು.

ಮಧ್ಯಾಹ್ನ ಬಟ್ಟೆ ಒಗೆಯುವ ಕೋಣೆಯಲ್ಲಿ, ಹಾಸಿಗೆ ಬದಲಿಸುವ ಯಾದೀರಾ ಹತ್ತಿರ ಬಂದಳು. "ದೋನ್ಯಾ ಓತಿ, ನಾನ್ ಮಾಡ್ತೀನಿ ಬಿಡಿ. ನೀವು ಪಕ್ಕದಲ್ಲಿ ಕೂತು ಹೇಳ್ಕೊಡಿ, ಸಾಕು."

ಒತೀಲಿಯಾಳಿಗೆ ಆಸೆಯಾಯಿತು. ತೋಳು ಉಳಿಯುತ್ತದೆ, ಯಾರ ಮುಖವೂ ಊದಿಕೊಳ್ಳುವುದಿಲ್ಲ. ಮಡಿಸುತ್ತಿದ್ದ ಹೊದಿಕೆಯ ತುದಿಯನ್ನು ಹುಡುಗಿಯ ಕೈಗೆ ಕೊಟ್ಟು ಕೇಳಿದಳು:

"ನಿನ್ ಮಗು ರಾತ್ರಿ ಮಲಗುತ್ತಾ?"

"ಎಲ್ಲಿ ಮಲಗುತ್ತೆ! ಅವ್ರಪ್ಪ ಮಲಗ್ತಾನೆ, ಗೊರಕೆ ಹೊಡ್ಕೊಂಡು."

"ಹಂಗಿದ್ರೆ ಸುಮ್ನಿರು. ಒಂದ್ಸಲ ಮಾಡ್ದೆ ಅಂದ್ರೆ ಮುಗೀತು. ನಿನ್ ಕೈರುಚಿ ಚೆನ್ನ ಅಂತಾರೆ. ನಂಗೂ ಹಂಗೇ ಅಂದಿದ್ರು."

"ಮತ್ತೆ ಯಾರ್ ಮಾಡೋದು?"

"ನಂಗೇನ್ ಗೊತ್ತು? ಇಷ್ಟು ವರ್ಷ ನಂಗೊಬ್ಳಿಗೇ ಗೊತ್ತಿರ್ತಿತ್ತು. ಈ ಸಲ ಗೊತ್ತಿಲ್ದೆ ಇರ್ತೀನಿ."

ಮೇಣದಬತ್ತಿ ಹಬ್ಬದ ಹಿಂದಿನ ಸಂಜೆ ಫೆರ್ಮಿನ್ ಅಡುಗೆಮನೆಗೆ ಬಂದು ಒಲೆ ನೋಡಿದ. "ಬಾಳೆಲೆ ಎಲ್ಲಿ? ಕೊಬ್ಬೂ ತಂದಿಲ್ವಾ?"

"ಇಲ್ಲ."

"ನಾಳೆ ಅವ್ರಿಗೇನ್ ಹೇಳ್ತೀಯ?"

"ಹೇಳಾಗಿದೆ."

"ನಮ್ಮಣ್ಣಂಗೆ?"

"ಅದನ್ನ ನೀನ್ ಹೇಳು."

ಬೇಗ ಮಲಗಿದಳು. ನಿದ್ದೆಯೇನೂ ಬರಲಿಲ್ಲ. ಈಗೆದ್ದರೂ ಆಗುತ್ತದೆ, ಸ್ವಲ್ಪವೇ ಮಾಡಿದರಾಯಿತು, ಎಡಗೈಯಲ್ಲಿ ನಾದಿದರಾಯಿತು ಎಂದು ತೋಳಿಗಿಂತ ಮೊದಲು ಮನಸ್ಸೇ ಎದ್ದು ಕೂರುತ್ತಿತ್ತು. ಅದನ್ನು ಮತ್ತೆ ಮತ್ತೆ ಮಲಗಿಸುವುದೇ ಒಂದು ಕೆಲಸವಾಯಿತು.

ಬೆಳಿಗ್ಗೆ ಬರಿಗೈಯಲ್ಲಿ ಬಂದವಳನ್ನು ಎಂಜಿನಿಯರು ತಲೆಯಿಂದ ಕಾಲಿನವರೆಗೆ ನೋಡಿದರು.

"ಪಾತ್ರೆ ಎಲ್ಲಿ, ದೋನ್ಯಾ ಒತೀಲಿಯಾ?"

"ಹೇಳಿದ್ನಲ್ಲ, ಎಂಜಿನಿಯರ್ರೇ."

ಅವರಿಗೆ ಸಿಟ್ಟು ಬರಲಿಲ್ಲ. ಗಟ್ಟಿ ಎಂದು ನಂಬಿ ಕಾಲಿಟ್ಟ ಮೆಟ್ಟಿಲು ಕುಸಿದಂತೆ ಮುಖ ಮಾಡಿದರು. ಆಮೇಲೆ ತಾವೇ ಕಾರು ತೆಗೆದುಕೊಂಡು ಮಾರ್ಕೆಟ್ಟಿಗೆ ಓಡಿದರು. ಬಿಳಿ ಅಂಗಿಗೆಲ್ಲ ಜಿಡ್ಡು ಮಾಡಿಕೊಂಡು ಕಡುಬಿನ ಕುಕ್ಕೆ ಹೊತ್ತು ತಂದಾಗ ಪುರಸಭೆಯವರು ಬರೀ ಕಾಫಿ ಕುಡಿಯುತ್ತಿದ್ದರು. ಫಲಕದ ಪರದೆ ಸರಿಯಿತು: ಬಟ್ಟೆ ಅಂಗಡಿ, ವಿಮಾ ಕಚೇರಿ, ಕಂಪ್ಯೂಟರ್ ಶಾಲೆ, ಹೋಟೆಲು. ಚಪ್ಪಲಿ ಗೋದಾಮನ್ನು ಬಿಟ್ಟಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ದಿನ ಎಂಜಿನಿಯರು ಒತೀಲಿಯಾಳ ಜೊತೆ ಮತ್ತೆ ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ಒರೆಸುವ ಮೆಟ್ಟಿಲೇನೂ ಹೆಚ್ಚಾಗುವುದಿಲ್ಲ.

ಯಾದೀರಾ ತಟ್ಟೆಯಲ್ಲಿ ಎರಡು ಕಡುಬು ತಂದುಕೊಟ್ಟಳು. ಒತೀಲಿಯಾ ಮೆಟ್ಟಿಲ ಮೇಲೆ ಕೂತು ನಿಧಾನವಾಗಿ ತಿಂದಳು. ಇದನ್ನು ನಾದಿದ ಮಾರ್ಕೆಟ್ಟಿನ ಹೆಂಗಸು ಈಗ ಮಲಗಿರಬಹುದೇ, ಇಲ್ಲ ಪಾತ್ರೆ ಉಜ್ಜುತ್ತಿರಬಹುದೇ ಎಂದುಕೊಂಡಳು. ರುಚಿ ಹೇಗಿದೆ ಎಂದು ಹುಡುಗಿ ಕೇಳಿದಾಗ, "ಬಿಸಿ ಇದೆ" ಎಂದಳು.

ಅತಿಥಿಗಳು ಹೋದರು. ಹಜಾರದಲ್ಲಿ, ಕುರ್ಚಿಗಳ ಮೇಲೆ, ಫಲಕದ ಕೆಳಗೆ, ಮಹಡಿಯ ಮೆಟ್ಟಿಲುಗಳುದ್ದಕ್ಕೂ ಜಿಡ್ಡುಜಿಡ್ಡಾದ ಎಲೆಗಳು ಬಿದ್ದಿದ್ದವು. ಒತೀಲಿಯಾ ಎದ್ದು ಬಕೆಟ್ ತೆಗೆದುಕೊಂಡಳು.

"ಇದನ್ನೂ ಮಾಡಲ್ಲ ಅನ್ನಿ!" ಎಂದಳು ಯಾದೀರಾ, ನಗುತ್ತ.

"ಇದಕ್ಕೆ ಸಂಬಳ ಕೊಡ್ತಾರೆ ಕಣೆ," ಎಂದು ಒತೀಲಿಯಾ ಬಕೆಟ್ಟನ್ನು ಎಡಗೈಗೆ ಬದಲಿಸಿಕೊಂಡು, ಮೇಲಿನ ಮೆಟ್ಟಿಲಿನಿಂದ ಶುರುಮಾಡಲು ಹತ್ತತೊಡಗಿದಳು.