ಚಹಾ ಲೋಟದ ಅಡಿಯ ಮತಪತ್ರ

ಅಮೆರಿಕದ ಅಧ್ಯಕ್ಷರನ್ನು ಆರಿಸಬೇಕಾದ ಮತಪತ್ರವೊಂದು ಹತ್ತು ದಿನಗಳಿಂದ ನಮ್ಮ ಕಚೇರಿಯಲ್ಲಿ ಚಹಾ ಲೋಟದ ಅಡಿಯಲ್ಲಿ ಬಿದ್ದಿತ್ತು.

ಉತ್ಪ್ರೇಕ್ಷೆಯಲ್ಲ. ಲೋಟ ನಮ್ಮ ಎಂಜಿನಿಯರ್ ಗ್ಯಾರಿ ಅವರದು. ಮತಪತ್ರವೂ ಅವರದೇ. ಅವರ ಊರಿನ ಚುನಾವಣಾ ಕಚೇರಿಯವರು ಅದನ್ನು ಲಕೋಟೆಯಲ್ಲಿಟ್ಟು, ಸಮುದ್ರಗಳನ್ನು ದಾಟಿಸಿ, ಮಸ್ಕತ್ತಿನ ನಮ್ಮ ಅಂಚೆಪೆಟ್ಟಿಗೆಯವರೆಗೆ ತಲುಪಿಸಿದ್ದರು. ಗ್ಯಾರಿ ಒಡೆದೂ ನೋಡಲಿಲ್ಲ. ಅದರ ಮೇಲೆ ಹಾಲಿಲ್ಲದ ಸುಲೈಮಾನಿ ಚಹಾದ ಲೋಟವಿಟ್ಟರು. ಲಕೋಟೆಯ ತುಂಬ ದುಂಡನೆಯ ಕಂದು ಕಲೆಗಳು.

ನನಗೆ ಹೊಟ್ಟೆ ಉರಿಯಿತು. ಏಕೆ ಉರಿಯಬಾರದು? ನಾನು ರಾಜ್ಯಶಾಸ್ತ್ರದ ಪದವೀಧರ. ನಮ್ಮ ಕುಟುಂಬದಲ್ಲಿ ಮೊದಲಿಗ. (ಇದನ್ನು ಈ ಅಂಕಣದಲ್ಲಿ ಹಲವು ಬಾರಿ ಹೇಳಿದ್ದೇನೆಂಬ ಅರಿವಿದೆ. ಕ್ಷಮಿಸಿ.) ನನ್ನ ತಂದೆ ಹೆಬ್ಬೆಟ್ಟಿನವರು. ಆದರೂ ಮತದಾನದ ದಿನ ಒಗೆದ ಅಂಗಿ ತೊಟ್ಟು, ದೋಣಿಯಲ್ಲಿ ಹೊಳೆ ದಾಟಿ, ಮತ ಹಾಕಿಯೇ ಬರುತ್ತಿದ್ದರು. ನಾನೋ, ಇಲ್ಲಿದ್ದುಕೊಂಡು ಮತ ಹಾಕುವಂತಿಲ್ಲ. ನನ್ನನ್ನು ಹುಡುಕಿಕೊಂಡು ಯಾವ ಲಕೋಟೆಯೂ ಬರುವುದಿಲ್ಲ.

ಗ್ಯಾರಿಗೆ ರಾಜಕೀಯ ಬೇಡವೆಂದಲ್ಲ. ಈ ಸಲ ಅಲ್ಲಿನ ಚುನಾವಣೆಯ ದೊಡ್ಡ ಮಾತುಗಳಲ್ಲಿ ಆಸ್ಪತ್ರೆಯ ಖರ್ಚೂ ಒಂದು. ಕೆಲಸ ಹೋದರೆ ಅದರೊಂದಿಗೆ ಹೆಲ್ತ್ ಇನ್ಶೂರೆನ್ಸ್ ಕೂಡ ಹೋಗುತ್ತದೆಯಂತೆ. ಗ್ಯಾರಿಯ ತಮ್ಮನಿಗೆ ಆದದ್ದೂ ಅದೇ. ಕಾರ್ಖಾನೆ ಮುಚ್ಚಿತು, ಈಗ ಎದೆ ನೋವು ಬಂದರೂ ಆತ ಡಾಕ್ಟರ ಬಳಿ ಹೋಗುವುದಿಲ್ಲವಂತೆ. ಗ್ಯಾರಿ ದಿನವೂ ಈ ಕಥೆ ಹೇಳುತ್ತಾರೆ, ಮೇಜು ಗುದ್ದುತ್ತಾರೆ, ಮತ್ತೆ ಅದೇ ಲಕೋಟೆಯ ಮೇಲೆ ಲೋಟ ಇಡುತ್ತಾರೆ!

ಮೊನ್ನೆ ಬುಧವಾರ, ವಾರದ ಕೊನೆಯ ಕೆಲಸದ ದಿನ, ತಡೆಯಲಾರದೆ ಕೇಳಿಯೇಬಿಟ್ಟೆ.

"ನನ್ನ ಒಂದು ಓಟಿನಿಂದ ಏನಾಗುತ್ತದೆ, ಮಿಸ್ಟರ್ ಪೂಜಾರಿ?" ಎಂದರು. "ನಮ್ಮಲ್ಲಿ ಹೆಚ್ಚುಕಡಿಮೆ ಅರ್ಧ ಜನ ಮನೆಯಲ್ಲೇ ಕೂರುತ್ತಾರೆ."

ಅಷ್ಟು ಸಾಕಾಯಿತು. ಪ್ರಜಾಪ್ರಭುತ್ವ, ನಾಗರಿಕನ ಹೊಣೆ, ನನ್ನ ತಂದೆಯ ಹೊಳೆ, ಎಲ್ಲವನ್ನೂ ವ್ಯಾಕರಣಶುದ್ಧ ಇಂಗ್ಲಿಷಿನಲ್ಲಿ ವಿವರಿಸತೊಡಗಿದೆ. ಆ ಹೊತ್ತಿಗೆ ನಮ್ಮ ಡ್ರೈವರ್, ಬಂಟ್ವಾಳದ ಹಸನಬ್ಬ, ಸರ್ಕ್ಯುಲರಿನ ಫೈಲು ಹಿಡಿದು ಬಂದರು.

"ಪೂಜಾರ್ರೇ, ಭಾಷಣ ಮತ್ತೆ ಮಾಡುವ. ಮೊದಲು ಒಂದು ಸೈನ್ ಹಾಕಿ ಮಾರಾಯ್ರೇ. ಉಳಿದವರದ್ದೆಲ್ಲ ಖಲಾಸ್."

ನಿಂತಲ್ಲಿಯೇ ಸಹಿ ಹಾಕಿದೆ. ನಮ್ಮಲ್ಲಿ ಪದ್ಧತಿಯೇ ಹಾಗೆ. ಸರ್ಕ್ಯುಲರ್ ಬರುತ್ತದೆ, ಹೆಸರಿನೆದುರು ಸಹಿ ಬೀಳುತ್ತದೆ, ಮುಂದಿನ ಮೇಜಿಗೆ ಹೋಗುತ್ತದೆ. ಈದ್ ರಜೆ, ಕಾರು ನಿಲ್ಲಿಸುವ ಜಾಗ, ಇಂಥವೇ ವಿಷಯಗಳು. ಯಾರು ಓದುತ್ತಾರೆ?

ಗ್ಯಾರಿ ಓದಿದರು. ನನ್ನ ಕೈಯಿಂದ ಫೈಲು ತೆಗೆದುಕೊಂಡು, ಗಟ್ಟಿಯಾಗಿ.

"ಮುಂದಿನ ತಿಂಗಳಿನಿಂದ ಕಂಪನಿಯ ವೈದ್ಯಕೀಯ ಸೌಲಭ್ಯ ನೌಕರರಿಗೆ ಮಾತ್ರ. ಕುಟುಂಬದವರಿಗೆ ಇಲ್ಲ."

ನನ್ನ ಮಗಳು ಶ್ವೇತಾಳಿಗೆ ಐದು ವರ್ಷ. ನಾವಿರುವ ಅಲ್ ಗುಬ್ರಾದಲ್ಲಿ ಧೂಳಿನ ಗಾಳಿ ಎದ್ದಿತೆಂದರೆ ಅವಳಿಗೆ ಉಸಿರು ಕಟ್ಟುತ್ತದೆ. ಕ್ಲಿನಿಕ್ಕಿಗೆ ಎತ್ತಿಕೊಂಡು ಓಡುತ್ತೇವೆ. ಮುಖಕ್ಕೆ ಔಷಧಿಯ ಮಾಸ್ಕ್ ಹಾಕಿಸಿಕೊಂಡು, ಅದರೊಳಗಿನಿಂದಲೇ "ಐ ಆಮ್ ಓಕೆ, ಪಪ್ಪಾ" ಎಂದು ಅವಳೇ ನನಗೆ ಧೈರ್ಯ ಹೇಳುತ್ತಾಳೆ. ಆ ಮಾಸ್ಕನ್ನು ಬೇಡವೆನ್ನುವ ಹಾಳೆಗೆ ಈಗಷ್ಟೇ ಅಂದವಾಗಿ ಸಹಿ ಹಾಕಿದ್ದೆ.

"ಕೊನೆಯ ಕಾಲಮ್ಮಿನ ಹೆಸರು ರಿಮಾರ್ಕ್ಸ್," ಎಂದರು ಗ್ಯಾರಿ. "ಹದಿನೇಳು ಹೆಸರುಗಳಿವೆ. ಅಲ್ಲಿ ಅಭಿಪ್ರಾಯ ಬರೆದವರೆಷ್ಟು?"

ಆ ಕಾಲಮ್ಮಿನ ಉದ್ದಕ್ಕೂ ಕಣ್ಣು ಹಾಯಿಸಿದೆ.

"ಸೊನ್ನೆ. ನಮ್ಮವರಲ್ಲಿ ಅರ್ಧ ಜನವಾದರೂ ಓಟು ಹಾಕಲು ಹೋಗುತ್ತಾರೆ, ಪ್ರೊಫೆಸರ್!"

ಫೈಲನ್ನು ಎಳೆದುಕೊಂಡೆ. ಹಸನಬ್ಬರಿಗೆ ನನ್ನ ಮುಖ ನೋಡಿಯೇ ಅರ್ಥವಾಯಿತು.

"ಬೇಡ ಪೂಜಾರ್ರೇ. ವೀಸಾ ಕೊಟ್ಟ ಕಫೀಲ್ ಅದನ್ನು ಕ್ಯಾನ್ಸಲ್ ಮಾಡಿದ್ರೆ ಎಂತ ಮಾಡ್ತೀರಿ? ಊರಿಗೆ ಹೋಗಿ ಓಟು ಹಾಕ್ತೀರಾ?"

ಹೆದರಿದ್ದು ನಿಜ. ಸುಳ್ಳೇಕೆ ಹೇಳಲಿ? ಆದರೂ ಬರೆದೆ: "ಕುಟುಂಬದ ಸೌಲಭ್ಯ ತೆಗೆಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ." ಒಂದೇ ವಾಕ್ಯ. (ಕಾಗುಣಿತವನ್ನು ಎರಡು ಸಲ ನೋಡಿದೆ, ಅಭ್ಯಾಸ.)

ಹಸನಬ್ಬ ಹಾಳೆಯ ಮೇಲೆ ಬಗ್ಗಿದರು.

"ಎಂತ ಬರೆದದ್ದು?" ಓದಿ ಹೇಳಿದೆ. "ಹೌದಾ? ಹಾಗಾದ್ರೆ ನನ್ನ ಹೆಸರಿನ ಎದುರಿಗೂ ಅದನ್ನೇ ಬರೀರಿ. ನನಗೆ ಇಲ್ಲಿ ನಾಲ್ಕು ಮಕ್ಕಳುಂಟಲ್ಲ." ಅನಂತರ ಫೈಲನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು. "ಯಲ್ಲಾ! ಒಮ್ಮೆ ತಿರುಗಿದ ಕಡೆಗೆಲ್ಲ ಇನ್ನೊಮ್ಮೆ ತಿರುಗುವ."

ಕಚೇರಿ ಮುಚ್ಚುವ ಹೊತ್ತಿಗೆ ಹನ್ನೊಂದು ಜನ ಬರೆದಿದ್ದರು. ಆರು ಮಂದಿ ಬರೆಯಲಿಲ್ಲ. ಅವರನ್ನು ದೂರುವ ಹಕ್ಕು ನನಗಿಲ್ಲ. ಅಂದು ಬೆಳಗಿನವರೆಗೆ ನಾನೂ ಅವರಲ್ಲೊಬ್ಬ. ಆದರೆ ಅಂಜಿಕೆಯನ್ನು ವಿವೇಕವೆಂದು ಕರೆಯುವುದನ್ನು ಇನ್ನಾದರೂ ನಿಲ್ಲಿಸೋಣ. ಮೌನವಾಗಿದ್ದವನು ತಟಸ್ಥನೆಂದು ತಿಳಿಯುವುದು ಭ್ರಮೆ. ಖಾಲಿ ಬಿಟ್ಟ ಜಾಗದಲ್ಲಿ ಇನ್ನೊಬ್ಬರು ನಮ್ಮ ಒಪ್ಪಿಗೆಯನ್ನು ಬರೆದುಕೊಳ್ಳುತ್ತಾರೆ. ವಾಷಿಂಗ್ಟನ್ನಿನಲ್ಲಿ ಹೇಗೋ, ಮಸ್ಕತ್ತಿನಲ್ಲಿಯೂ ಹಾಗೆಯೇ.

ಹೊರಡುವಾಗ ಗ್ಯಾರಿ ಲೋಟವನ್ನು ಬದಿಗಿಟ್ಟು, ಕಲೆಯಾದ ಲಕೋಟೆಯನ್ನು ಒಡೆಯುತ್ತಿದ್ದರು. ಪೆನ್ನು ಕೇಳಿದರು. ನನ್ನದನ್ನೇ ಕೊಟ್ಟೆ. ಅದು ಸಕಾಲಕ್ಕೆ ತಲುಪೀತೋ ಇಲ್ಲವೋ, ತಿಳಿಯದು.

ನನ್ನದು ತಲುಪಿತು. ಶನಿವಾರ ಬೆಳಿಗ್ಗೆಯೇ ಮ್ಯಾನೇಜರರು ಕರೆಸಿದರು. ಹಾಳೆ ಅವರ ಮುಂದಿತ್ತು.

"ಪೂಜಾರಿ, ನೀವು ಓದಿದವರು. ಸರ್ಕ್ಯುಲರ್ ಇರುವುದು ತಿಳಿಸುವುದಕ್ಕೆ, ಅಭಿಪ್ರಾಯ ಕೇಳುವುದಕ್ಕಲ್ಲ. ನಿಮಗಾದರೂ ಗೊತ್ತಿರಬೇಡವೇ?"

ಎರಡು ದಿನ ರಜೆಯಲ್ಲಿ ಕುಳಿತು ನಾಲ್ಕು ಬಗೆಯ ಕ್ಷಮಾಪಣೆಗಳನ್ನು ಸಿದ್ಧಪಡಿಸಿಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟೇ:

"ಅಭಿಪ್ರಾಯ ಬೇಡವಾಗಿದ್ದರೆ, ಸರ್, ಆ ರಿಮಾರ್ಕ್ಸ್ ಕಾಲಮ್ಮನ್ನು ಇಟ್ಟದ್ದೇಕೆ?"