ಸೂಜಿಯಕ್ಕನ ಗುಂಡಿ, ಅಧ್ಯಕ್ಷರ ತೋಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಗರಸಭೆಯ ಗೇಟಿನ ಎದುರು, ಜೆರಾಕ್ಸ್ ಅಂಗಡಿಯ ಮೆಟ್ಟಿಲ ಕೆಳಗೆ ಸೂಜಿಯಕ್ಕ ಹೊಲಿಗೆ ಯಂತ್ರದ ಮೇಲಿನ ಟಾರ್ಪಾಲು ಸರಿಸುತ್ತಾರೆ. ಯಂತ್ರಕ್ಕೆ ಎಣ್ಣೆ ಬಿಡುವಷ್ಟರಲ್ಲಿ ಮೊದಲ ಗಿರಾಕಿ ಹಾಜರು. ಕಚೇರಿಯ ಕಸ ಗುಡಿಸುವ ಹೆಂಗಸು. ಅಂಗಿಯ ತೋಳು ಗಿಡ್ಡ ಎಂದು ಕಾವಲುಗಾರ ಗೇಟಿನಿಂದಲೇ ಹಿಂದೆ ಕಳಿಸಿದ್ದಾನೆ.

"ಅಕ್ಕಾ, ಬೇಗ. ಹಾಜರಿ ಹೋಗತ್ತೆ."

"ಕೈ ಚಾಚು. ಅಲುಗಾಡಿದ್ರೆ ನಿನ್ನೂ ಸೇರಿಸಿ ಹೊಲಿದುಬಿಡ್ತೀನಿ."

ಅಂಗಿ ಮೈಮೇಲಿರುವಾಗಲೇ ಒಂದು ತುಂಡು ಬಟ್ಟೆ ಸೇರಿಸಿ ಅಕ್ಕ ಕೈಹೊಲಿಗೆ ಹಾಕುತ್ತಾರೆ. ಸಡಿಲವಾದ ದೊಡ್ಡ ಹೊಲಿಗೆ, ಎಳೆದರೆ ಬಿಚ್ಚಿ ಬರುವಂಥದ್ದು. "ಗಟ್ಟಿ ಹಾಕಲ್ಲ. ಈ ಸಾಹೇಬ್ರು ಹೋಗ್ತಾರೆ, ಇನ್ನೊಬ್ರು ಬರ್ತಾರೆ. ಬಿಚ್ಚೋದೂ ನಾನೇ ತಾನೇ?" ದಿನಕ್ಕೆ ಹತ್ತು ಹದಿನೈದು ತೋಳು ಹೀಗೆ ಉದ್ದವಾಗುತ್ತವೆ.

ಹಿಂದಿನ ಅಧ್ಯಕ್ಷರಿಗೆ ಗಡ್ಡ ಕಂಡರೆ ಆಗುತ್ತಿರಲಿಲ್ಲ. ಆಗ ಪಕ್ಕದ ಕ್ಷೌರದಂಗಡಿಯವನಿಗೆ ಕೈತುಂಬ ಕೆಲಸ. ಈಗಿನವರಿಗೆ ಹೆಂಗಸರ ಮೊಣಕೈ ಕಣ್ಣಿಗೆ ಚುಚ್ಚುತ್ತದೆ. ಇವರ ಮೊದಲ ಆದೇಶ ನೀರಿನದಲ್ಲ, ಚರಂಡಿಯದಲ್ಲ, ತೋಳಿನದು: ಕಚೇರಿಯ ಹೆಂಗಸರ ತೋಳು ಮಣಿಕಟ್ಟಿನವರೆಗೆ ಇರಬೇಕು, ಕೆಲಸದ ವೇಳೆ ಮಡಚಕೂಡದು. ಮೂರು ಸಲ ಸಿಕ್ಕಿಬಿದ್ದರೆ ಮನೆಯ ದಾರಿ.

ಅಕ್ಕನ ತಂಗಿ ಒಳಗೆ ನೆಲ ಒರೆಸುತ್ತಾಳೆ. ಈಗಾಗಲೇ ಎರಡು ಸಲ ಸಿಕ್ಕಿಬಿದ್ದಿದ್ದಾಳೆ. ಒದ್ದೆ ತೋಳು ದಿನವಿಡೀ ಉಜ್ಜಿ ಮಣಿಕಟ್ಟಿನ ಚರ್ಮ ಸುಲಿದುಹೋಗಿದೆ. ಬಟ್ಟೆ ಕಾರ್ಖಾನೆ ಮುಚ್ಚಿ ಅಕ್ಕ ಬೀದಿಗೆ ಬಿದ್ದಾಗ ಇಬ್ಬರ ಹೊಟ್ಟೆ ಹೊರೆದದ್ದು ಈ ತಂಗಿಯ ಕೆಲಸ. ಈ ಯಂತ್ರ ಕೊಡಿಸಿದವಳೂ ಅವಳೇ. ಅವಳ ಕೆಲಸ ಹೋಗುವುದೆಂದರೆ ಅಕ್ಕನಿಗೆ ತನ್ನ ಕೈಯೇ ಹೋದಂತೆ.

ಯಂತ್ರದ ಮೇಲಿನ ಗೋಡೆಯಲ್ಲಿ ಅಧ್ಯಕ್ಷರ ದೊಡ್ಡ ಪೋಸ್ಟರ್. ದುಡಿಮೆಗಾರ ನಾಯಕ ಎಂದು ತೋರಿಸಲು ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ್ದಾರೆ! "ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ," ಎಂದು ಅಕ್ಕ ದಾರ ಕಚ್ಚಿ ಕತ್ತರಿಸುತ್ತಾರೆ. ನಗುವುದಕ್ಕೂ ಅವರಿಗೆ ತ್ರಾಣ ಇದ್ದಂತಿಲ್ಲ.

ಭಾಷಣ ಮಾಡುವಾಗ ಆ ಮಡಿಕೆ ಜಾರುತ್ತದೆಂದು ಅಧ್ಯಕ್ಷರ ಡ್ರೈವರ್ ಒಮ್ಮೆ ಅಂಗಿ ತಂದಿದ್ದನಂತೆ. ಅಕ್ಕ ತೋಳಿನ ಒಳಗೊಂದು ಪಟ್ಟಿ, ಹೊರಗೊಂದು ಗುಂಡಿ ಹೊಲಿದು ಮಡಿಕೆಯನ್ನು ಗಟ್ಟಿ ಮಾಡಿಕೊಟ್ಟರು. ಆ ರಾತ್ರಿ ತಂಗಿಯ ಅಂಗಿಗೂ ಅದೇ ಪಟ್ಟಿ, ಅದೇ ಗುಂಡಿ. ನೆಲ ಒರೆಸುವಾಗ ತೋಳು ಮೇಲೆ. ಸಾಹೇಬರ ಬೂಟಿನ ಸದ್ದು ಕೇಳಿದರೆ ಗುಂಡಿ ಬಿಚ್ಚಿದರಾಯಿತು, ತೋಳು ತಾನಾಗಿ ಕೆಳಗೆ. "ಅವ್ರಿಗೆ ಏರಿಸೋಕೆ, ಇವ್ಳಿಗೆ ಇಳಿಸೋಕೆ. ಗುಂಡಿಗೇನು ಗೊತ್ತು ಯಾರ ಕೈ ಅಂತ?"

ಮಾತಾಡುತ್ತಲೇ ಅಕ್ಕನ ಕಣ್ಣು ಗೇಟಿನ ಕಡೆ. ಬಿಸಿಲೇರಿದ ಮೇಲೆ ತಂಗಿ ಹೊರಗೆ ಬರುತ್ತಾಳೆ. ಎರಡೂ ತೋಳು ಇಳಿದಿವೆ, ನೀರು ತೊಟ್ಟಿಕ್ಕುತ್ತಿದೆ.

"ಯಾಕೇ? ಗುಂಡಿ ಕಿತ್ತುಹೋಯ್ತಾ?"

"ಗುಂಡಿ ಚೆನ್ನಾಗೇ ಇದೆ ಕಣಕ್ಕಾ. ಸಾಹೇಬ್ರು ಹಜಾರದಲ್ಲೇ ನಿಂತು ಯಾರ ಜೊತೆಗೋ ಹರಟೆ ಹೊಡೀತಿದ್ರು. ಹೋಗ್ಲೇ ಇಲ್ಲ. ಅವ್ರ ಕಾಲ ಸುತ್ತಾನೇ ಒರೆಸ್ದೆ."

"ಏನಾದ್ರೂ ಅಂದ್ರಾ?"

"ತೋಳು ನೋಡಿ, 'ಹಾಂ, ಹೀಗಿರ್ಬೇಕು' ಅಂದ್ರು."

ಕೆಲಸ ಇವತ್ತಿಗೆ ಉಳಿದಿದೆ. ಅಕ್ಕ ತಂಗಿಯ ಕೈ ಎಳೆದು ಮಡಿಲಲ್ಲಿಟ್ಟುಕೊಂಡು, ಒದ್ದೆ ತೋಳನ್ನು ಕೈಮೇಲೇ ಮೆಲ್ಲಗೆ ಹಿಂಡುತ್ತಾರೆ. ಸುಲಿದ ಜಾಗ ಬಂದಾಗ ತಂಗಿ ಹಲ್ಲು ಕಚ್ಚುತ್ತಾಳೆ. ಆಮೇಲೆ ಅಕ್ಕ ತೋಳನ್ನು ಮೊಣಕೈವರೆಗೆ ಮಡಚಿ, ಪಟ್ಟಿ ಎಳೆದು ಗುಂಡಿ ಹಾಕುತ್ತಾರೆ. ಗೇಟಿನಿಂದ ಕಾವಲುಗಾರ ನೋಡುತ್ತಾನೆ. ಬೀದಿ ಅವನ ಸರಹದ್ದಲ್ಲ.

ನಿಮಗೇನು ಬೇಕು ಎಂದು ಕೇಳಿದರೆ ಅಕ್ಕ ಪೋಸ್ಟರನ್ನಾಗಲಿ, ಕಚೇರಿಯನ್ನಾಗಲಿ ನೋಡುವುದಿಲ್ಲ. ಆ ಕೈಯನ್ನೇ ನೋಡುತ್ತಾರೆ.

"ಇವ್ಳು ತೋಳು ಮಡಚ್ಕೊಂಡು ನೆಲ ಒರೆಸ್ಬೇಕು. ಒಳಗಡೆ. ಎಲ್ಲರ ಎದುರಿಗೆ. ಅಷ್ಟೇ."