ಉಣ್ಣು, ಇಲ್ಲಂದ್ರ ಅಪ್ಪನ್ನ ಕರೀತೇನಿ

"ಉಣ್ಣಬೇ, ಇಲ್ಲಂದ್ರ ನಿಮ್ಮಪ್ಪನ್ನ ಕರೀತೇನಿ ನೋಡು."

ಹಿಪ್ಪರಗಿಯಲ್ಲಿರುವ ನನ್ನ ಅಕ್ಕ ಹೀಗೆಂದದ್ದೇ ತಡ, ಐದು ವರ್ಷದ ಮೊಮ್ಮಗಳು ಸವಿತಾ ತಾಟಿನಲ್ಲಿದ್ದ ರೊಟ್ಟಿಯನ್ನು ಗಬಗಬ ನುಂಗತೊಡಗಿದಳು. ನಾವೆಲ್ಲ ನಕ್ಕೆವು. ನಗದೇ ಉಳಿದವನು ಒಬ್ಬನೇ. ಪಡಸಾಲೆಯಲ್ಲಿ ಕುಳಿತಿದ್ದ ಆ ಅಪ್ಪ, ನನ್ನ ಸೋದರಳಿಯ ಬೀರಪ್ಪ.

ಬೀರಪ್ಪ ಸೈನ್ಯದಲ್ಲಿದ್ದಾನೆ. ಗಡಿಯ ಡ್ಯೂಟಿ ಮುಗಿಸಿ ರಜೆಯ ಮೇಲೆ ಬಂದಿದ್ದ. ಅವನಿಲ್ಲದಾಗ ಹುಡುಗಿ ಹಟ ಹಿಡಿದಾಗಲೆಲ್ಲ ಮನೆಯವರು ಬಳಸಿದ್ದು ಇದೇ ಮದ್ದು (ಗುಮ್ಮನಿಗಿಂತ ಬಂದೂಕಿನ ಅಪ್ಪ ಹೆಚ್ಚು ಪವರ್‌ಫುಲ್). ಈಗ ಗುಮ್ಮನೇ ಮನೆಗೆ ಬಂದು ಕುಳಿತರೆ ಮಗು ಹತ್ತಿರ ಹೋದೀತೇ?

ಅವನು ಎದ್ದು ಹೊರಗೆ ನಡೆದ. ನಾನೂ ಹಿಂದೆ ಹೋದೆ.

"ಮಾಮಾ, ಅಲ್ಲಿ ನನಗ ಯಾರೂ ಅಂಜಾಂಗಿಲ್ಲರಿ. ಮನ್ಯಾಗ ಅಂಜತಾರ" ಎಂದು ನಗಲು ನೋಡಿದ. ಆಮೇಲೆ ದನಿ ತಗ್ಗಿತು. "ನಿದ್ದಿ ಹತ್ತವಲ್ದು. ಮೊನ್ನಿ ಅಡಗಿಮನ್ಯಾಗ ಭಾಂಡೆ ಬಿದ್ದ ಸಪ್ಪಳಕ್ಕ ಗಾಬ್ರಿ ಆಗಿ ಒದರಿಬಿಟ್ಟೆ. ಅವತ್ತಿಂದ ಸವಿತಾ ನನ್ನ ಹತ್ರ ಸುಳೀವಲ್ಲಳು. ಮುಂದಿನ ವಾರ ನಾ ಹೊಂಟಹೋದ್ರ ಇದು ಹಿಂಗ ಉಳೀತೈತಿ."

"ಡಾಕ್ಟರಿಗಿ ತೋರಿಸಿಯೇನಪಾ?"

"ತೋರಿಸಿದ್ರ ಊರಾಗ ಹುಚ್ಚ ಅಂತಾರ."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಕಸ್ತೂರಿ ಕೇಳಿಸಿಕೊಂಡಳು. "ಅನ್ನೋರು ಬಂದು ನಿಮ್ಮ ಮಗಳನ್ನ ಆಡಸ್ತಾರೇನ್ರಿ? ಜ್ವರ ಬಂದ್ರ ದವಾಖಾನಿಗೆ ಹೋಗಾಂಗಿಲ್ಲೇನು? ಇದೂ ಹಂಗ." ನನ್ನತ್ತ ತಿರುಗಿದಳು. "ತಪ್ಪು ನಮ್ದೂ ಐತ್ರಿ ಮಾವಾರ. ಹೊಲ, ಮನಿ, ಸಾಲಿ ಎಲ್ಲಾ ನಾ ಒಬ್ಬಾಕಿ. ಆಕಿ ಮಾತ ಕೇಳಲಿಲ್ಲಂದ್ರ ಇವರ ಹೆಸರ ಹೇಳ್ತಿದ್ದೆ."

ಅವಳನ್ನು ದೂರುವುದು ಸುಲಭ. ಭಾಷಣಗಳಲ್ಲಿ ಅವಳನ್ನು ‘ವೀರನ ಮಡದಿ’ ಎನ್ನುತ್ತೇವೆ. ಮಗು ಊಟ ಬಿಟ್ಟ ದಿನ ಏನು ಮಾಡಬೇಕೆಂದು ನಾವು ಎಂದಾದರೂ ಹೇಳಿಕೊಟ್ಟಿದ್ದೇವೆಯೇ? ಗಡಿಯಿಂದ ಬಂದವನಿಗೆ ಶಾಲು ಹೊದಿಸುತ್ತೇವೆ. ನಿದ್ದೆ ಬರುತ್ತದೆಯೇ ಎಂದು ಕೇಳುವವರೆಷ್ಟು ಮಂದಿ?

ಬೀರಪ್ಪ ಒಪ್ಪಿದ. ಮರುದಿನ ಮೂವರೂ ಜಮಖಂಡಿಯ ಆಸ್ಪತ್ರೆಗೆ ಹೊರಟರು. ನಾನೂ ಹೋದೆ. ಮನೋವೈದ್ಯರ ಕೋಣೆಯ ಹೊರಗೆ, ಬೆಂಚಿನ ತುದಿಯಲ್ಲಿ ಬೀರಪ್ಪ ಕರವಸ್ತ್ರ ಹಿಂಡುತ್ತ ಕುಳಿತಿದ್ದ. ಅಮ್ಮನ ತೊಡೆಯ ಮೇಲಿದ್ದ ಸವಿತಾ ಅವನನ್ನೇ ನೋಡುತ್ತಿದ್ದಳು.

"ಅವ್ವಾ, ಅಪ್ಪಗ ಸೂಜಿ ಮಾಡ್ತಾರೇನ?"

"ಗೊತ್ತಿಲ್ಲವಾ."

ಹುಡುಗಿ ಕೆಳಗಿಳಿದಳು. ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹೋಗಿ ಅವನ ಪಕ್ಕ ಕುಳಿತಳು.

"ಅಂಜಬ್ಯಾಡ. ಇರಿವಿ ಕಡದಂಗ ಆಗತೈತಿ, ಅಷ್ಟ."

ಬೀರಪ್ಪ ಕೈ ಚಾಚಿದ. ಅವಳು ಒಂದು ಬೆರಳು ಹಿಡಿದುಕೊಂಡಳು.

ಯೋಧನಿಗೂ ಅಂಜಿಕೆ ಇರುತ್ತದೆಂದು ಮಗಳಿಗೆ ತಿಳಿಯಲು ಆಸ್ಪತ್ರೆಯ ಒಂದು ಬೆಂಚು ಸಾಕಾಯಿತು. ಊರಿಗೆ ತಿಳಿಯಲು ಇನ್ನೇನು ಬೇಕು?